ಹದಿನೆಂಟು ಬೈಟಿನ ಹೊಸೂರು

ಕೃಷ್ಣಗಿರಿ ಜಿಲ್ಲೆಯ ಪೋಚಂಪಳ್ಳಿ ಬಳಿ 500 ಎಕರೆಯಲ್ಲಿ ಓಲಾ ಎಲೆಕ್ಟ್ರಿಕ್‌ನ ಸ್ಕೂಟರ್ ಕಾರ್ಖಾನೆ ಇದೆ. 2021ರಲ್ಲಿ ಅದು ಎದ್ದು ನಿಲ್ಲುವಾಗ ಕಂಪನಿ ಸಾರಿದ ಮಾತುಗಳು ದೊಡ್ಡವು. 3,000ಕ್ಕೂ ಹೆಚ್ಚು ರೋಬೋಟುಗಳು ದುಡಿಯುತ್ತವೆ, ಕೃತಕ ಬುದ್ಧಿಮತ್ತೆ ಇಡೀ ಕಾರ್ಖಾನೆಯನ್ನು ನಡೆಸುತ್ತದೆ, ಕೆಲಸ ಪೂರ್ತಿಯಾದ ಮೇಲೆ ವರ್ಷಕ್ಕೆ ಒಂದು ಕೋಟಿ ವಾಹನ ಹೊರಬರುತ್ತವೆ. ಅದೇ ವರ್ಷದ ಸೆಪ್ಟೆಂಬರಿನಲ್ಲಿ, ಇಲ್ಲಿ 10,000 ಮಹಿಳೆಯರು ದುಡಿಯುತ್ತಾರೆ ಎಂಬ ಪ್ರಕಟಣೆಯೂ ಬಂತು. 2024-25ರಲ್ಲಿ ಕಂಪನಿ ಗಿರಾಕಿಗಳಿಗೆ ತಲುಪಿಸಿದ ಸ್ಕೂಟರುಗಳು ಸುಮಾರು 3.6 ಲಕ್ಷ.

ಸ್ಕೂಟರನ್ನಾದರೂ ಎಣಿಸಬಹುದು. ಇದೇ ಕಂಪನಿಯ ಸ್ಥಾಪಕ ಭವಿಷ್ ಅಗರ್‌ವಾಲ್ 2023ರ ಡಿಸೆಂಬರಿನಲ್ಲಿ ಪ್ರಕಟಿಸಿದ ‘ಕೃತ್ರಿಮ್’ ಎಂಬ ಭಾಷಾ ಮಾದರಿಯನ್ನು ಅಳೆಯುವುದು ಅಷ್ಟು ಸುಲಭವಲ್ಲ. ಅದಕ್ಕೆ 22 ಭಾರತೀಯ ಭಾಷೆಗಳು ಅರ್ಥವಾಗುತ್ತವೆ, ಕನ್ನಡವೂ ಸೇರಿ 10 ಭಾಷೆಗಳಲ್ಲಿ ಬರೆಯಬಲ್ಲದು, ಎರಡು ಲಕ್ಷ ಕೋಟಿ ಟೋಕನ್‌ಗಳ ಮೇಲೆ ತರಬೇತಿ ಪಡೆದಿದೆ ಎಂದು ಹೇಳಲಾಯಿತು. ಮರುತಿಂಗಳೇ ಹೂಡಿಕೆದಾರರು ಕಂಪನಿಗೆ 100 ಕೋಟಿ ಡಾಲರ್ ಬೆಲೆ ಕಟ್ಟಿದರು.

ಇದೇ ಕೃಷ್ಣಗಿರಿ ಜಿಲ್ಲೆಯ ಹೊಸೂರು, ತಳಿ, ಡೆಂಕಣಿಕೋಟೆ ಕಡೆಯ ಜನ ಒಂದೇ ಸಂತೆಯಲ್ಲಿ ಕನ್ನಡ, ತೆಲುಗು, ತಮಿಳು ಮೂರನ್ನೂ ಆಡಿ ಮನೆಗೆ ಬರುತ್ತಾರೆ. ಭಾಷೆ ಬರುತ್ತದೆ ಎಂದರೇನು ಎಂದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಯಂತ್ರಕ್ಕೆ ಭಾಷೆ ಬರುತ್ತದೆ ಎಂದಾಗ ಏನಾಗಿರುತ್ತದೆ ಎಂಬುದು ಬೇರೆಯೇ ಪ್ರಶ್ನೆ.

ಮೊದಲು ಎರಡು ಮಾತು

‘ಕೃತಕ ಬುದ್ಧಿಮತ್ತೆ’ ಎಂಬ ಹೆಸರನ್ನು ಬಳಕೆಗೆ ತಂದವರು ಅಮೆರಿಕದ ಜಾನ್ ಮೆಕಾರ್ಥಿ ಮತ್ತು ಸಂಗಡಿಗರು. 1956ರ ಬೇಸಿಗೆಯಲ್ಲಿ ಡಾರ್ಟ್‌ಮತ್ ಕಾಲೇಜಿನಲ್ಲಿ ನಡೆದ ಸಭೆಗೆ ಹಣ ಕೇಳಿ ಬರೆದ ಪ್ರಸ್ತಾವದಲ್ಲಿ ಅದು ಬಂದಿತ್ತು. ಹೌದು, ಹೆಸರು ಹುಟ್ಟಿದ್ದೇ ಅನುದಾನದ ಅರ್ಜಿಯಲ್ಲಿ! ಇಂದು ಜನ ಮಾತಾಡುವ ಚಾಟ್‌ಬಾಟ್‌ಗಳ ಹಿಂದಿರುವುದು ಭಾಷಾ ಮಾದರಿ. ಅಪಾರ ಬರಹವನ್ನು ಜಾಲಾಡಿ, ಇಲ್ಲಿಯವರೆಗಿನ ಮಾತಿನ ಮುಂದೆ ಯಾವ ತುಂಡು ಬರಬಹುದೆಂದು ಊಹಿಸುವ ಲೆಕ್ಕಾಚಾರ ಅದು. ವ್ಯಾಖ್ಯೆ ಇಷ್ಟು ಸಾಕು. ಓದುಗರು ಎಡವುವುದು ‘ತುಂಡು’, ಅಂದರೆ ಟೋಕನ್, ಎಂಬಲ್ಲಿ.

ಟೋಕನ್ ಎಂದರೆ ಪದವಲ್ಲ

ಟೋಕನ್ ಎಂದರೆ ಪದ, ಎರಡು ಲಕ್ಷ ಕೋಟಿ ಟೋಕನ್ ಎಂದರೆ ಅಷ್ಟು ಪದ ಎಂದು ಬಹಳ ಮಂದಿ ತಿಳಿದಿದ್ದಾರೆ. ಹಾಗಲ್ಲ.

‘ಹೊಸೂರು’ ಎಂಬ ಪದವನ್ನೇ ನೋಡಿ. ನಮ್ಮ ಕಣ್ಣಿಗೆ ಹೊ, ಸೂ, ರು, ಮೂರು ಅಕ್ಷರ. ಯೂನಿಕೋಡ್ ವ್ಯಂಜನಕ್ಕೊಂದು, ಅದರ ಸ್ವರಚಿಹ್ನೆಗೊಂದು ಸಂಕೇತ ಕೊಡುವುದರಿಂದ ಅಲ್ಲಿ ಆರು. ಅಂತರ್ಜಾಲದ ಬಹುಪಾಲು ಬರಹ ಉಳಿಯುವ ಯುಟಿಎಫ್-8 ಪದ್ಧತಿಯಲ್ಲಿ ಪ್ರತಿ ಕನ್ನಡ ಸಂಕೇತಕ್ಕೂ ಮೂರು ಬೈಟು ಬೇಕು, ಒಟ್ಟು 18. ಇಂಗ್ಲಿಷಿನಲ್ಲಿ ಅದೇ ಊರಿನ ಹೆಸರಿಗೆ ಐದು ಬೈಟು ಸಾಕು. ‘ಕೃಷ್ಣಗಿರಿ’ ಎಂದು ಬರೆದರೆ ಕನ್ನಡಕ್ಕೆ 27, ಇಂಗ್ಲಿಷಿಗೆ 11.

ಬೈಟಿನ ಲೆಕ್ಕ ಇಷ್ಟಕ್ಕೇ ನಿಂತಿದ್ದರೆ ಚಿಂತೆಯಿರಲಿಲ್ಲ. ಮಾದರಿ ಕಟ್ಟುವವರು ಮೊದಲು ತುಂಡುಗಳದೊಂದು ಪಟ್ಟಿ ಮಾಡಿಕೊಳ್ಳುತ್ತಾರೆ. ಸಾಮಾನ್ಯ ವಿಧಾನವೆಂದರೆ, ಬರಹದ ರಾಶಿಯಲ್ಲಿ ಪದೇ ಪದೇ ಜೋಡಿಯಾಗಿ ಬರುವ ಬೈಟುಗಳನ್ನು ಹುಡುಕಿ ಒಂದು ತುಂಡು ಮಾಡುವುದು; ಹಾಗೆ ಆದ ತುಂಡುಗಳನ್ನು ಮತ್ತೆ ಬೆಸೆಯುವುದು. ಪಟ್ಟಿ ತುಂಬುವವರೆಗೂ ಇದೇ ಕೆಲಸ. ರಾಶಿಯಲ್ಲಿ ಇಂಗ್ಲಿಷೇ ತುಂಬಿದ್ದರೆ ಇಂಗ್ಲಿಷ್ ಪದಗಳು ಇಡಿಯಾಗಿ ಪಟ್ಟಿ ಸೇರುತ್ತವೆ. ಕನ್ನಡದ ಜೋಡಿಗಳು ಅಪರೂಪವಾದ್ದರಿಂದ ಒಂದು ಅಕ್ಷರವೇ ಎರಡು ಮೂರು ಟೋಕನ್ ಆಗಿ ಒಡೆಯುತ್ತದೆ. ಕಂಪನಿಗಳು ದರ ಹಾಕುವುದು ಟೋಕನ್ ಎಣಿಸಿ. ಹೊಸೂರಿನಿಂದ ಬೆಂಗಳೂರಿಗೆ ಒಂದೇ ಬಸ್ಸಿನಲ್ಲಿ ಹೊರಟ ಇಬ್ಬರಲ್ಲಿ ಒಬ್ಬರಿಗೆ ಒಂದು ಟಿಕೆಟ್, ಇನ್ನೊಬ್ಬರಿಗೆ ಪ್ರತಿ ನಿಲ್ದಾಣಕ್ಕೂ ಒಂದು ಟಿಕೆಟ್ ಹರಿದಂತೆ.

ಒಂದೇ ಪಠ್ಯ ಬೇರೆ ಬೇರೆ ಭಾಷೆಗಳಲ್ಲಿ ಒಡೆಯುವಾಗ 15 ಪಟ್ಟಿನವರೆಗೂ ಅಂತರ ಬರಬಹುದೆಂದು ಆಕ್ಸ್‌ಫರ್ಡ್‌ನ ಸಂಶೋಧಕರು 2023ರಲ್ಲಿ ತೋರಿಸಿದರು. 2024ರ ಮೇ ತಿಂಗಳಲ್ಲಿ ಚಾಟ್‌ಬಾಟ್ ಕಂಪನಿ ಓಪನ್‌ಎಐ ತನ್ನ ತುಂಡುಗಳ ಪಟ್ಟಿಯನ್ನು ತಿದ್ದಿತು. ಮಾದರಿ ವಾಕ್ಯವೊಂದಕ್ಕೆ ತೆಲುಗಿನಲ್ಲಿ 159 ಇದ್ದ ಟೋಕನ್ 45ಕ್ಕೆ, ತಮಿಳಿನಲ್ಲಿ 116 ಇದ್ದದ್ದು 35ಕ್ಕೆ ಇಳಿದವೆಂದು ತೋರಿಸಿತು. ಅದು ಕೊಟ್ಟ 20 ಭಾಷೆಗಳ ಉದಾಹರಣೆಯಲ್ಲಿ ಕನ್ನಡ ಇರಲಿಲ್ಲ. ಟೋಕನ್ ಕಡಿಮೆಯಾದ ಮಾತ್ರಕ್ಕೆ ಭಾಷೆ ಅರ್ಥವಾಯಿತು ಎಂದಲ್ಲ. ಖರ್ಚು ಇಳಿಯಿತು, ಅಷ್ಟೆ. ಒಳ್ಳೆಯ ಕನ್ನಡ ಬರಬೇಕಾದರೆ ಒಳ್ಳೆಯ ಕನ್ನಡ ಬರಹ ರಾಶಿಯಲ್ಲಿರಬೇಕು. ಇಂಗ್ಲಿಷ್ ವಿಕಿಪೀಡಿಯದಲ್ಲಿ 60 ಲಕ್ಷಕ್ಕೂ ಹೆಚ್ಚು ಲೇಖನಗಳಿದ್ದರೆ ಕನ್ನಡದಲ್ಲಿ ಅವು ಒಂದು ಲಕ್ಷವನ್ನೂ ಮುಟ್ಟಿಲ್ಲ. ಹೊಸೂರು ಕಡೆಯ ಅಂಚೆಟ್ಟಿ ಸೀಮೆಯ ಆಡುಗನ್ನಡವಂತೂ ಬರಹಕ್ಕೆ ಇಳಿದಿರುವುದೇ ಅಪರೂಪ.

‘ನಿನ್ನನ್ನು ಮಾಡಿದವರು ಯಾರು?’

2024ರ ಫೆಬ್ರುವರಿಯಲ್ಲಿ ಕೃತ್ರಿಮ್ ಚಾಟ್‌ಬಾಟ್ ಜನರ ಕೈಗೆ ಬಂದಾಗ, ತನ್ನನ್ನು ಮಾಡಿದ್ದು ಓಪನ್‌ಎಐ ಎಂದು ಅದು ಕೆಲವರಿಗೆ ಉತ್ತರಿಸಿತು. ನಕಲು ಸಿಕ್ಕಿಬಿತ್ತು ಎಂದು ಹಲವರು ನಕ್ಕರು. ತರಬೇತಿಗೆ ಬಳಸಿದ ಮುಕ್ತ ದತ್ತಾಂಶದಿಂದ ಆ ಸಾಲುಗಳು ನುಸುಳಿವೆ ಎಂದು ಕಂಪನಿ ವಿವರಿಸಿತು. ಯಂತ್ರದ ಆ ಉತ್ತರವೊಂದನ್ನೇ ಹಿಡಿದು ನಕಲೆಂದೂ ಹೇಳಲಾಗದು, ಅಲ್ಲವೆಂದೂ ಹೇಳಲಾಗದು. ಮಾದರಿಗೆ ತನ್ನ ಹುಟ್ಟಿನ ನೆನಪಿಲ್ಲ. ಇಂಥ ಪ್ರಶ್ನೆಯ ಮುಂದೆ ಯಾವ ತುಂಡುಗಳು ಹೆಚ್ಚಾಗಿ ಬಂದಿವೆಯೋ ಅವನ್ನೇ ಅದು ಜೋಡಿಸುತ್ತದೆ. ಔಷಧದ ಪ್ರಮಾಣ ಕೇಳಿದರೂ, ಕಾನೂನಿನ ಕಲಮು ಕೇಳಿದರೂ ಅಷ್ಟೇ ಧೈರ್ಯದಿಂದ ಜೋಡಿಸುತ್ತದೆ. ಚಾಟ್‌ಬಾಟ್‌ನ ಧಾಟಿ ನೋಡಿ ಉತ್ತರ ನಂಬುವವರು ಮೋಸಹೋಗುವುದು ಇಲ್ಲೇ.

ತೆರೆಯ ಹಿಂದಿನ ಕೈಗಳು

ಊಹೆಯನ್ನು ತಿದ್ದುವವರು ಮನುಷ್ಯರು. ಓಪನ್‌ಎಐಗಾಗಿ ಹಿಂಸೆ, ಲೈಂಗಿಕ ದೌರ್ಜನ್ಯದ ಬರಹಗಳನ್ನು ಓದಿ ಗುರುತು ಹಾಕುತ್ತಿದ್ದ ಕೀನ್ಯಾದ ಕೆಲಸಗಾರರಿಗೆ ಗಂಟೆಗೆ ಎರಡು ಡಾಲರಿಗೂ ಕಡಿಮೆ ಸಿಗುತ್ತಿತ್ತೆಂದು 2023ರ ಜನವರಿಯಲ್ಲಿ ‘ಟೈಮ್’ ಪತ್ರಿಕೆ ಬಯಲಿಗೆಳೆಯಿತು. ಅದೇ ವರ್ಷ ಅದೇ ಪತ್ರಿಕೆ ಬೆಂಗಳೂರಿನ ‘ಕಾರ್ಯ’ ಸಂಸ್ಥೆಯ ಬಗೆಗೂ ಬರೆಯಿತು. ಕರ್ನಾಟಕದ ಹಳ್ಳಿಗರು ಮೊಬೈಲಿನಲ್ಲಿ ಕನ್ನಡ ವಾಕ್ಯಗಳನ್ನು ಓದಿ ದನಿಮುದ್ರಿಸಿದರೆ ಸಂಸ್ಥೆ ಗಂಟೆಗೆ ಸುಮಾರು ಐದು ಡಾಲರ್ ಕೊಡುತ್ತದೆ. ಆ ದನಿ ಮತ್ತೆ ಮಾರಾಟವಾದಾಗ ಅವರಿಗೂ ಪಾಲುಂಟು. ಹಾಗಾಗಿ ಕಡಿಮೆ ಕೂಲಿ ಈ ಉದ್ಯಮದ ಅನಿವಾರ್ಯತೆಯಲ್ಲ, ಆಯ್ಕೆ. 2025ರಲ್ಲಿ ಕೃತ್ರಿಮ್ ಭಾಷಾ ವಿಭಾಗದ ಹಲವರನ್ನು ಕೈಬಿಟ್ಟಿತೆಂದು ವರದಿಗಳು ಬಂದವು. ಭಾಷೆಗಳ ಹೆಸರಿನಲ್ಲಿ ಬೆಲೆ ಏರಿಸಿಕೊಂಡ ಉದ್ಯಮದಲ್ಲಿ ಕೆಲಸ ಕಳೆದುಕೊಂಡವರಲ್ಲಿ ಭಾಷೆ ಬಲ್ಲವರೂ ಸೇರಿದ್ದರು.

ಮುಂದಿನ ಓದಿಗೆ

ಪ್ರಚಾರದ ಮಾತನ್ನು ಒರೆಗೆ ಹಚ್ಚಲು ಎಂಜಿನಿಯರಿಂಗ್ ಪದವಿ ಬೇಕಿಲ್ಲ. ಟೋಕನ್ ಎಣಿಸಿ ತೋರಿಸುವ ಪುಟಗಳು ಅಂತರ್ಜಾಲದಲ್ಲಿ ಉಚಿತವಾಗಿವೆ; ಒಂದೇ ವಾಕ್ಯವನ್ನು ಕನ್ನಡ, ತೆಲುಗು, ತಮಿಳು, ಇಂಗ್ಲಿಷಿನಲ್ಲಿ ಹಾಕಿ ನೋಡಬಹುದು. ಮದರಾಸಿನ ಐಐಟಿಯ ‘ಎಐ4ಭಾರತ್’ ತಂಡ ಭಾರತೀಯ ಭಾಷೆಗಳ ದತ್ತಾಂಶವನ್ನೂ ಅನುವಾದದ ಮಾದರಿಗಳನ್ನೂ ಎಲ್ಲರಿಗೂ ತೆರೆದಿಟ್ಟಿದೆ. ಗಡಿಭಾಗದ ಕನ್ನಡ ಶಾಲೆಗಳ ಶಿಕ್ಷಕರು, ಹೊಸೂರಿನ ಕಾಲೇಜು ಹುಡುಗ ಹುಡುಗಿಯರು ಇದನ್ನೊಂದು ಪ್ರಯೋಗವಾಗಿ ಎತ್ತಿಕೊಳ್ಳಲಿ. ಮೂರೂ ಭಾಷೆ ಬಲ್ಲ ಅವರಿಗಿಂತ ಒಳ್ಳೆಯ ಪರೀಕ್ಷಕರು ಈ ಯಂತ್ರಗಳಿಗೆ ಸಿಗಲಾರರು.