ಆಸ್ಪತ್ರೆಯ ಗಾಳಿ

ಆಸ್ಪತ್ರೆಯಲ್ಲಿ ಮಲಗಿರುವ ಬಂಧುಗಳನ್ನು ನೋಡಹೋದವರು ಮೊದಲು ಮಾಡುವ ಕೆಲಸವೇನೆಂದರೆ, ಕಿಟಕಿಯನ್ನು ಮುಚ್ಚುವುದು. ರೋಗಿಗೆ ಶೀತವಾದೀತೆಂಬುದು ಅವರ ಭಯವು. ಆ ಮಮತೆಯನ್ನು ನಾವು ಹಳಿಯುವವರಲ್ಲ. ಇನ್ನೊಂದು ಕಂಬಳಿಯನ್ನು ಹೊದಿಸಲಿ; ಆದರೆ ಕಿಟಕಿಯನ್ನು ಮುಚ್ಚುವ ಮುನ್ನ ಆ ಕೋಣೆಯ ಗಾಳಿಯಲ್ಲಿ ಏನು ತೇಲುತ್ತಿರುವುದೆಂಬುದನ್ನು ವಾಚಕರು ಸ್ವಲ್ಪ ವಿಚಾರಿಸಬೇಕೆಂದು ಪ್ರಾರ್ಥಿಸುತ್ತೇವೆ.

ನಿಃಶ್ವಾಸದಿಂದ ಒಬ್ಬರ ರೋಗವು ಮತ್ತೊಬ್ಬರಿಗೆ ಸಂಕ್ರಮಿಸುವುದೆಂಬ ಮಾತು ಹೊಸದಲ್ಲ. ಜ್ವರ, ಶೋಷ ಮೊದಲಾದುವು ಹೀಗೂ ಹರಡುವುವೆಂದು ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿಯೇ ಹೇಳಿದೆ. ಅದು ಹೇಗೆಂಬುದನ್ನು ಬಿಡಿಸಿ ಹೇಳಿದ ಕೀರ್ತಿಯು ಅಮೆರಿಕದ ವಿಲಿಯಂ ವೆಲ್ಸ್ ಎಂಬವರಿಗೆ ಸಲ್ಲತಕ್ಕದ್ದು. ಕೆಮ್ಮಿದಾಗ ಹಾರುವ ದಪ್ಪ ಹನಿಗಳು ಬೇಗನೆ ಕೆಳಗೆ ಬೀಳುವುವು. ಅತಿಸೂಕ್ಷ್ಮವಾದುವಾದರೋ ನೆಲವನ್ನು ಮುಟ್ಟುವ ಮೊದಲೇ ಒಣಗಿ, ಕ್ರಿಮಿಯನ್ನು ಹೊತ್ತ ಕಣಗಳಾಗಿ ಬಹುಹೊತ್ತು ತೇಲುವುವು ಎಂದು ಇವರು 1934ರಲ್ಲಿ ವಿವರಿಸಿದರು.

ವೈದ್ಯರಲ್ಲಿ ಅನೇಕರು ಇದನ್ನು ನಂಬಲಿಲ್ಲ. ಪ್ರತ್ಯಕ್ಷಪ್ರಮಾಣವು ಬೇಕಾಯಿತು. 1950ರ ದಶಕದ ಉತ್ತರಾರ್ಧದಲ್ಲಿ ವೆಲ್ಸ್ ಮತ್ತು ರಿಚರ್ಡ್ ರೈಲಿ ಇವರು ಬಾಲ್ಟಿಮೋರ್ ನಗರದಲ್ಲಿ ನಿವೃತ್ತ ಸೈನಿಕರ ಆಸ್ಪತ್ರೆಯೊಂದನ್ನು ಇದಕ್ಕಾಗಿ ಆರಿಸಿಕೊಂಡರು. ಆರು ಹಾಸಿಗೆಗಳ ಕ್ಷಯದ ವಾರ್ಡಿನಿಂದ ಹೊರಡುವ ಗಾಳಿಯನ್ನೆಲ್ಲ ಕೊಳವೆಯ ಮೂಲಕ ಮೇಲ್ಗಡೆಯ ಪಂಜರಗಳಿಗೆ ಹಾಯಿಸಿದರು. ಅಲ್ಲಿದ್ದುವು ಸುಮಾರು 150 ಗಿನಿಯಿಲಿಗಳು. ಅವು ರೋಗಿಗಳನ್ನು ಕಂಡುವಲ್ಲ, ಮುಟ್ಟಿದುವಲ್ಲ, ಗಾಳಿಯೊಂದೇ ಸಂಬಂಧವು. ಎರಡು ವರ್ಷಗಳಲ್ಲಿ 71 ಗಿನಿಯಿಲಿಗಳಿಗೆ ಕ್ಷಯವು ತಗಲಿತು! ಅನಂತರ ಅದೇ ಗಾಳಿಯನ್ನು ನೇರಳಾತೀತ ದೀಪಗಳ ಎದುರಿಗೆ ಹಾಯಿಸಿ ಮತ್ತೊಂದು ಗುಂಪಿಗೆ ಒದಗಿಸಿದಾಗ ಒಂದಕ್ಕೂ ತಗಲಲಿಲ್ಲ. ಆ ಮೂಕಪ್ರಾಣಿಗಳ ಋಣವನ್ನು ಮನುಷ್ಯರು ಎಂದು ತೀರಿಸುವರೋ ತಿಳಿಯದು. ಇದೇ ಪ್ರಯೋಗದಿಂದ ಇನ್ನೂ ಒಂದು ವಿಷಯವು ಹೊರಬಿದ್ದಿತು: ಸೋಂಕಿನ ಬಹುಭಾಗವು ಕೆಲವೇ ರೋಗಿಗಳಿಂದ ಬಂದುದು, ತಕ್ಕ ಔಷಧವನ್ನು ಆರಂಭಿಸಿದವರಿಂದ ಹರಡಿದುದು ಅತ್ಯಲ್ಪ. ಆದಕಾರಣ ರೋಗವನ್ನು ಬೇಗ ಗುರುತಿಸುವುದೇ ವಾರ್ಡಿನ ಗಾಳಿಯನ್ನು ಶುದ್ಧಿಮಾಡುವ ಪ್ರಥಮೋಪಾಯವು.

ದೀಪಗಳನ್ನು ಕೋಣೆಯ ಮೇಲ್ಭಾಗದಲ್ಲಿ, ಕಣ್ಣಿಗೂ ಚರ್ಮಕ್ಕೂ ಬೆಳಕು ತಾಗದಂತೆ ಇರಿಸುವರು. ಇವೆಲ್ಲ ವೆಚ್ಚದ ಮಾತಾಯಿತು. ಬಡ ಆಸ್ಪತ್ರೆಗಳ ಗತಿಯೇನು? ಪೆರು ದೇಶದ ಲಿಮಾ ನಗರದ ಎಂಟು ಆಸ್ಪತ್ರೆಗಳಲ್ಲಿ ಅಳೆದು 2007ರಲ್ಲಿ ಪ್ರಕಟಿಸಿದ ಫಲವು ನಮಗೆ ಬಹಳ ರುಚಿಸಿತು. ಬಾಗಿಲು ಕಿಟಕಿಗಳನ್ನು ತೆರೆದಿಟ್ಟ ಕೋಣೆಗಳಲ್ಲಿ ಗಂಟೆಗೆ ಸುಮಾರು 28 ಬಾರಿ ಗಾಳಿಯು ಬದಲಾಗುತ್ತಿದ್ದಿತು. ಯಂತ್ರಗಳಿಗೆ ವಿಧಿಸಿದ ಪ್ರಮಾಣವೋ 12 ಮಾತ್ರ. ಐವತ್ತು ವರ್ಷಕ್ಕೂ ಹಳೆಯವಾದ, ಎತ್ತರದ ಮಾಳಿಗೆಯೂ ದೊಡ್ಡ ಕಿಟಕಿಗಳೂ ಉಳ್ಳ ಕಟ್ಟಡಗಳಲ್ಲಿ ಇದು 40ಕ್ಕೆ ಏರಿದರೆ, ಹೊಸ ಕಟ್ಟಡಗಳಲ್ಲಿ 17ಕ್ಕೆ ಇಳಿದಿದ್ದಿತು. ಹಳೆಯದನ್ನು ಕೆಡವಿ ಗಾಜಿನ ಗೂಡುಗಳನ್ನು ಕಟ್ಟುವ ಮಹಾಶಯರು ಇದನ್ನು ಓದಲಿ. ಗಾಳಿಯೇ ಬೀಸದ ದಿನ ಕಿಟಕಿಯೊಂದನ್ನೇ ನಂಬುವಂತಿಲ್ಲವೆಂಬುದೂ ನಿಜ. ಚಳಿಯ ದೇಶಗಳಿಗೆ ಈ ಉಪಾಯವು ಒಗ್ಗದು.

ನಮ್ಮ ಹಳೆಯ ಶಿಷ್ಯೆಯೊಬ್ಬಳು ದಾದಿ. ಕಿಟಕಿಗಳನ್ನು ಸದಾ ಮುಚ್ಚಿಡುತ್ತಿದ್ದ ಒಂದು ವಾರ್ಡಿನಲ್ಲಿ ಕೆಲಸಮಾಡುತ್ತಿದ್ದಾಗ ಅವಳಿಗೆ ಕ್ಷಯವು ಅಂಟಿತು. ಆರು ತಿಂಗಳ ಔಷಧದಿಂದ ಗುಣಹೊಂದಿ ಪುನಃ ಅದೇ ಕೆಲಸಕ್ಕೆ ಹೋಗಿದ್ದಾಳೆ. ಈಗ ಕೆಮ್ಮುವ ರೋಗಿಯು ಬಂದೊಡನೆ ಅವನ ಬಾಯಿಮೂಗುಗಳಿಗೆ ಮುಸುಕನ್ನು ಕಟ್ಟಿಸುವಳಂತೆ. ದಕ್ಷಿಣ ಆಫ್ರಿಕದಲ್ಲಿ ಪುನಃ ಗಿನಿಯಿಲಿಗಳ ಮೇಲೆಯೇ ನಡೆಸಿ 2012ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ರೋಗಿಗಳು ಮುಸುಕನ್ನು ಧರಿಸಿದ ದಿನಗಳ ಗಾಳಿಯನ್ನು ಉಸಿರಾಡಿದ 90ರಲ್ಲಿ 36ಕ್ಕೆ ಸೋಂಕು ತಗಲಿತು. ಧರಿಸದ ದಿನಗಳ ಗಾಳಿಯಿಂದ 90ರಲ್ಲಿ 69ಕ್ಕೆ.