ಗಾಳಿ ತೆಳುವಾದಾಗ ಮೊದಲು ಮಂಕಾಗುವುದು ಬುದ್ಧಿ

1988ರ ಏಪ್ರಿಲ್ 28ರಂದು ಹವಾಯಿ ದ್ವೀಪಗಳ ಮೇಲೆ, 24,000 ಅಡಿ ಎತ್ತರದಲ್ಲಿ, ಅಲೋಹಾ ಏರ್‌ಲೈನ್ಸ್‌ನ ಹಳೆಯ ಬೋಯಿಂಗ್ 737 ವಿಮಾನದ ಮುಂಭಾಗದ ಚಾವಣಿಯೇ ಕಿತ್ತುಹೋಯಿತು. ಗಗನಸಖಿಯೊಬ್ಬರು ಗಾಳಿಯ ಸೆಳೆತಕ್ಕೆ ಸಿಕ್ಕಿ ಪ್ರಾಣ ಕಳೆದುಕೊಂಡರು. ಉಳಿದ 94 ಮಂದಿ ಜೀವಂತವಾಗಿ ನೆಲ ಮುಟ್ಟಿದರು. 2005ರ ಆಗಸ್ಟ್ 14ರಂದು ಸೈಪ್ರಸ್‌ನ ಲಾರ್ನಕಾದಿಂದ ಹೊರಟ ಹೀಲಿಯೋಸ್ ಏರ್‌ವೇಸ್‌ನ ಬೋಯಿಂಗ್ 737 ಆಕಾಶದಲ್ಲಿ ಹರಿಯಲಿಲ್ಲ, ಒಡೆಯಲಿಲ್ಲ. ಆದರೂ ಅದರಲ್ಲಿದ್ದ 121 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ. ಚಾವಣಿ ಹಾರಿಹೋದರೆ ಏನಾಯಿತೆಂದು ಪೈಲಟ್‌ಗೆ ಯಾರೂ ಹೇಳಬೇಕಿಲ್ಲ, ಕೈ ತಾನಾಗಿಯೇ ಮಾಸ್ಕ್‌ಗೆ ಹೋಗುತ್ತದೆ. ಒತ್ತಡ ಸದ್ದಿಲ್ಲದೆ ಕಡಿಮೆಯಾದರೆ ಅದನ್ನು ಗುರುತಿಸಬೇಕಾದ ಮಿದುಳೇ ಮೊದಲು ಸೋಲುತ್ತದೆ. ನಾವು ಹೆಚ್ಚು ಹೆದರಬೇಕಾದದ್ದು ಈ ಎರಡನೆಯದಕ್ಕೆ.

ಹೀಲಿಯೋಸ್ ದುರಂತದ ಮೂಲ ಒಂದು ಸ್ವಿಚ್. ಹಾರಾಟಕ್ಕೆ ಮುನ್ನ ನೆಲದ ಮೇಲೆ ಗಾಳಿ ಸೋರಿಕೆಯನ್ನು ಪರೀಕ್ಷಿಸುವಾಗ ಒತ್ತಡ ನಿಯಂತ್ರಣವನ್ನು 'ಆಟೊ'ದಿಂದ 'ಮ್ಯಾನುಯಲ್'ಗೆ ತಿರುಗಿಸಲಾಗಿತ್ತು, ಅದು ಅಲ್ಲೇ ಉಳಿಯಿತು. ಹೊರಡುವ ಮುನ್ನ, ಎಂಜಿನ್ ಚಾಲೂ ಆದ ಮೇಲೆ, ಟೇಕಾಫ್ ಆದ ಮೇಲೆ, ಹೀಗೆ ಮೂರು ಸಲ ಪರಿಶೀಲಿಸುವ ಅವಕಾಶವಿದ್ದರೂ ಯಾರ ಕಣ್ಣಿಗೂ ಬೀಳಲಿಲ್ಲ. 12,000 ಅಡಿಯ ಆಸುಪಾಸಿನಲ್ಲಿ ಎಚ್ಚರಿಕೆಯ ಹಾರ್ನ್ ಕೂಗಿತು. ಟೇಕಾಫ್‌ಗೆ ವಿಮಾನ ಸಜ್ಜಾಗಿಲ್ಲವೆಂದು ನೆಲದ ಮೇಲೆ ಎಚ್ಚರಿಸುವುದೂ ಅದೇ ಸದ್ದು. ಪೈಲಟ್‌ಗಳು ಹಾಗೆಂದೇ ತಿಳಿದು ಏರುತ್ತಲೇ ಹೋದರು. ಒತ್ತಡದ ಸ್ವಿಚ್ ಆಟೊದಲ್ಲಿದೆಯೇ ಎಂದು ಕೆಳಗಿನಿಂದ ಎಂಜಿನಿಯರ್ ರೇಡಿಯೊದಲ್ಲಿ ಕೇಳಿದರೆ, ಕ್ಯಾಪ್ಟನ್ ಯಾವುದೋ ಸರ್ಕ್ಯೂಟ್ ಬ್ರೇಕರ್ ಎಲ್ಲಿದೆ ಎಂದು ಮರುಪ್ರಶ್ನೆ ಹಾಕಿದರು. ಆಮೇಲೆ ಮಾತು ನಿಂತಿತು. ಆಟೊಪೈಲಟ್ ವಿಮಾನವನ್ನು 34,000 ಅಡಿಗೇರಿಸಿ ಅಥೆನ್ಸ್‌ವರೆಗೂ ಒಯ್ದು ಸುತ್ತು ಹಾಕಿಸಿತು. ಇಂಧನ ಮುಗಿದ ಮೇಲೆ ಅದು ಗ್ರಾಮಾಟಿಕೋ ಬಳಿಯ ಬೆಟ್ಟಕ್ಕೆ ಅಪ್ಪಳಿಸಿತು.

ಇಷ್ಟು ಓದಿದವರು ಇದು ಪೈಲಟ್‌ಗಳ ಅಜಾಗರೂಕತೆ, ವ್ಯವಸ್ಥೆಯನ್ನೇಕೆ ದೂರಬೇಕು ಎನ್ನಬಹುದು. ಸ್ವಿಚ್ ನೋಡದಿದ್ದದ್ದು ತಪ್ಪೇ, ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಹಾರ್ನ್ ಕೂಗಿದ ನಂತರದ ನಡವಳಿಕೆಯನ್ನು ಅಜಾಗರೂಕತೆ ಎಂದು ಕರೆಯುವುದು ಅನ್ಯಾಯ. ಆಮ್ಲಜನಕ ಕಡಿಮೆಯಾದವನಿಗೆ ಉಸಿರು ಕಟ್ಟುವುದಿಲ್ಲ. ಎಷ್ಟೋ ಸಲ ಹಾಯೆನಿಸುತ್ತದೆ, ಎಲ್ಲವೂ ಸರಿಯಿದೆ ಎಂಬ ಹುಸಿ ಧೈರ್ಯ ಬರುತ್ತದೆ. 35,000 ಅಡಿಯಲ್ಲಿ ಒತ್ತಡ ಪೂರ್ತಿ ಹೋದರೆ ಸರಿಯಾಗಿ ಯೋಚಿಸಲು ಸಿಗುವುದು ಅರ್ಧದಿಂದ ಒಂದು ನಿಮಿಷ. ಬೆಂಗಳೂರಿನಲ್ಲಿರುವ ವಾಯುಪಡೆಯ ಏರೋಸ್ಪೇಸ್ ಮೆಡಿಸಿನ್ ಸಂಸ್ಥೆ ಪೈಲಟ್‌ಗಳನ್ನು ಒತ್ತಡ ಇಳಿಸಿದ ಕೋಣೆಯಲ್ಲಿ ಕೂರಿಸಿ ಈ ಮಂಕನ್ನು ಅನುಭವಕ್ಕೆ ತರುವುದು ಇದಕ್ಕಾಗಿಯೇ. ಇನ್ನು ಮರೆವು ಒಂದೇ ದೇಶದ ಕಾಯಿಲೆಯೂ ಅಲ್ಲ. 2018ರ ಸೆಪ್ಟೆಂಬರ್‌ನಲ್ಲಿ ಮುಂಬೈನಿಂದ ಜೈಪುರಕ್ಕೆ ಹೊರಟ ಜೆಟ್ ಏರ್‌ವೇಸ್ ವಿಮಾನದಲ್ಲಿ ಎಂಜಿನ್‌ನಿಂದ ಕ್ಯಾಬಿನ್‌ಗೆ ಗಾಳಿ ಒದಗಿಸುವ ಬ್ಲೀಡ್ ಸ್ವಿಚ್‌ಗಳು ಆಫ್ ಆಗಿಯೇ ಉಳಿದವು. 166 ಪ್ರಯಾಣಿಕರಲ್ಲಿ ಸುಮಾರು 30 ಮಂದಿಗೆ ಮೂಗು, ಕಿವಿಗಳಲ್ಲಿ ರಕ್ತ ಬಂತು. ವಿಮಾನ ಮುಂಬೈಗೆ ಮರಳಿದ್ದರಿಂದ ಜೀವಗಳು ಉಳಿದವು. ಹೀಲಿಯೋಸ್ ನಂತರ 737ಗಳಲ್ಲಿ ಎರಡು ಎಚ್ಚರಿಕೆಗಳಿಗೂ ಬೇರೆ ಬೇರೆ ದೀಪಗಳು ಬಂದಿವೆ. ಒಳ್ಳೆಯದೇ, ಆದರೆ ಆ ದೀಪದ ಅರ್ಥ ತಿಳಿಯಲೂ ಎಚ್ಚರವಿರುವ ಮಿದುಳು ಬೇಕು. ಆದ್ದರಿಂದ ಕಾರಣ ಹುಡುಕುವುದು ಆಮೇಲಾಗಲಿ, ಮಾಸ್ಕ್ ಮೊದಲು ಮುಖಕ್ಕೆ ಬರಲಿ ಎಂಬುದೇ ಪೈಲಟ್ ತರಬೇತಿಯ ತಳಹದಿಯಾಗಬೇಕು.

ಪ್ರಯಾಣಿಕರ ಮಾಸ್ಕ್‌ನಲ್ಲಿ ಆಮ್ಲಜನಕ ಬರುವುದು ಸುಮಾರು 12ರಿಂದ 15 ನಿಮಿಷ, ಅದರಿಂದೇನು ಪ್ರಯೋಜನ ಎಂಬ ಅನುಮಾನ ಹಲವರಿಗಿದೆ. ಎಚ್ಚರವಿರುವ ಪೈಲಟ್ ವಿಮಾನವನ್ನು ಮಾಸ್ಕ್ ಇಲ್ಲದೆಯೇ ಉಸಿರಾಡಬಹುದಾದ 10,000 ಅಡಿಗೆ ಇಳಿಸಲು ಸಾಮಾನ್ಯವಾಗಿ ಅಷ್ಟು ಹೊತ್ತು ಸಾಕು. ಮಗುವಿಗಿಂತ ಮೊದಲು ತಾನು ಹಾಕಿಕೊಳ್ಳುವುದು ಹೇಗೆ ಎಂದು ತಾಯಿಯ ಮನಸ್ಸು ಒಪ್ಪದಿರಬಹುದು. ಆದರೆ ಮಗುವಿಗೆ ಮಾಸ್ಕ್ ಕಟ್ಟುತ್ತಲೇ ತಾಯಿ ಪ್ರಜ್ಞೆ ತಪ್ಪಿದರೆ ಇಬ್ಬರಿಗೂ ದಿಕ್ಕಿಲ್ಲ; ತಾಯಿ ಎಚ್ಚರವಿದ್ದರೆ ಮಗು ಉಳಿಯುತ್ತದೆ. ಮುಂದಿನ ಸಲ ವಿಮಾನ ಹತ್ತಿದಾಗ ಗಗನಸಖಿ ತೋರಿಸುವುದನ್ನು ದಯವಿಟ್ಟು ಫೋನ್ ಕೆಳಗಿಟ್ಟು ನೋಡಿ. ಮಾಸ್ಕ್ ಇಳಿದರೆ ಎಳೆದುಕೊಳ್ಳಿ, ಮೂಗು ಬಾಯಿ ಮುಚ್ಚುವಂತೆ ಹಾಕಿಕೊಳ್ಳಿ, ಪಕ್ಕದವರ ಕಡೆ ಆಮೇಲೆ ತಿರುಗಿ.