ಗಂಟು ಹೊತ್ತು ಬಂದ ಇತಿಹಾಸ

ಐತಿಹಾಸಿಕ ಕಾದಂಬರಿಯ ನಾಲ್ಕಾರು ಪ್ರತಿಗಳನ್ನು ಚೀಟಿ ಎತ್ತಿ ಓದುಗರಿಗೆ ಪುಕ್ಕಟೆ ಹಂಚುವ ರೂಢಿ ಈಗ ಹಬ್ಬಿದೆ. ಹೆಸರು ಬಂದವರು ಬಾಗಲಗುಂಟೆಯಲ್ಲಿರಲಿ, ಬಾಗಲಕೋಟೆಯಲ್ಲಿರಲಿ, ಪುಸ್ತಕ ಮನೆ ಬಾಗಿಲಿಗೇ ಬರುತ್ತದೆ. ಓದುಗ ಬರಲೆಂದು ಕಾಯದೆ ಪುಸ್ತಕವೇ ಓದುಗನನ್ನು ಹುಡುಕಿಕೊಂಡು ಹೋಗುವ ಈ ಉಪಾಯ ಕನ್ನಡಕ್ಕೆ ಹೊಸದೇನಲ್ಲ. ಇಲ್ಲಿ ಮೊದಲು ನೆನಪಾಗುವ ಹೆಸರು ಗಳಗನಾಥರದು. ಅವರು ಪುಕ್ಕಟೆ ಕೊಟ್ಟವರಲ್ಲ, ಮಾರಿದವರು. ಆದರೆ ಪುಸ್ತಕದ ಗಂಟನ್ನು ತಾವೇ ಹೊತ್ತು, ಊರಿಂದೂರಿಗೆ ನಡೆದು ಮಾರಿದವರು.

ವೆಂಕಟೇಶ ತಿರಕೋ ಕುಲಕರ್ಣಿ (1869–1942) ಈಗಿನ ಹಾವೇರಿ ಜಿಲ್ಲೆಯ ಗಳಗನಾಥ ಗ್ರಾಮದವರು. ಊರ ಹೆಸರೇ ಅವರ ಕಾವ್ಯನಾಮವಾಯಿತು. ವೃತ್ತಿಯಿಂದ ಶಾಲಾ ಮಾಸ್ತರರು. ಆಗ ಆ ಭಾಗ ಮುಂಬಯಿ ಪ್ರಾಂತ್ಯದಲ್ಲಿತ್ತು. ಕಚೇರಿ, ಶಾಲೆ, ನಾಟಕ ಎಲ್ಲೆಲ್ಲೂ ಮರಾಠಿಯದೇ ದರ್ಬಾರು. ಕನ್ನಡಿಗನಿಗೆ ಶಿವಾಜಿಯ ಕಥೆ ಗೊತ್ತಿದ್ದಷ್ಟು ಹಕ್ಕ–ಬುಕ್ಕರ ಕಥೆ ಗೊತ್ತಿರಲಿಲ್ಲ ಎಂದರೆ ಅತಿಶಯೋಕ್ತಿಯಾಗಲಾರದು. ಹಳ್ಳಿಗಳಲ್ಲಿ ಪುಸ್ತಕದ ಅಂಗಡಿಯೂ ಇಲ್ಲ, ವಾಚನಾಲಯವೂ ಇಲ್ಲ. ಬರೆದದ್ದನ್ನು ಅಚ್ಚು ಹಾಕಿಸಿದ ಮಾತ್ರಕ್ಕೆ ಅದು ಓದುಗನ ಕೈ ಸೇರುತ್ತದೆ ಎಂಬ ಭರವಸೆ ಇರಲಿಲ್ಲ. ಅಗಡಿಯ ಆನಂದವನದಿಂದ ಹೊರಡುತ್ತಿದ್ದ ‘ಸದ್ಬೋಧ ಚಂದ್ರಿಕೆ’ ಮಾಸಪತ್ರಿಕೆಯ ಸಂಪಾದಕತ್ವ ಅವರಿಗೆ ಅಂಚೆಯ ದಾರಿಯನ್ನು ತೆರೆಯಿತು. ಉಳಿದದ್ದು ಕಾಲುದಾರಿ. ಒಂದು ಮನೆ ಕೊಂಡ ಪ್ರತಿಯನ್ನು ಅಕ್ಷರ ಬಲ್ಲವನೊಬ್ಬ ಓದಿ ಹೇಳಿದರೆ ಜಗಲಿಯ ತುಂಬ ಕೇಳುವವರಿದ್ದ ಕಾಲ ಅದು. ಮಾರಾಟದ ಲೆಕ್ಕದಿಂದ ಓದುಗರ ಲೆಕ್ಕ ಸಿಗುವುದಿಲ್ಲ.

ಗಂಟಿನಲ್ಲಿ ಇದ್ದ ಸರಕಿನ ಕಥೆ ಇನ್ನೂ ಸ್ವಾರಸ್ಯದ್ದು. ಅವರ ‘ಮಾಧವ ಕರುಣಾ ವಿಲಾಸ’ ವಿಜಯನಗರದ ಹುಟ್ಟನ್ನು ಹೇಳಿದರೆ, ‘ಕನ್ನಡಿಗರ ಕರ್ಮಕಥೆ’ ಅದರ ಪತನವನ್ನು ಹೇಳುತ್ತದೆ. ಎರಡನೆಯದರ ಮೂಲ ಮರಾಠಿ, ಹರಿ ನಾರಾಯಣ ಆಪಟೆಯವರ ‘ವಜ್ರಾಘಾತ’. ಮರಾಠಿಯ ದರ್ಬಾರಿನಲ್ಲಿ ಮರೆಯಾಗಿದ್ದ ತಮ್ಮ ಸಾಮ್ರಾಜ್ಯದ ಕಥೆ ಕನ್ನಡಿಗರಿಗೆ ಮರಾಠಿಯ ಮೂಲಕವೇ ಬಂತು! ಅದಕ್ಕೂ ಮುನ್ನ, 1900ರಲ್ಲಿ, ಬ್ರಿಟಿಷ್ ಅಧಿಕಾರಿ ರಾಬರ್ಟ್ ಸೀವೆಲ್ ವಿಜಯನಗರವನ್ನು ‘ಮರೆತುಹೋದ ಸಾಮ್ರಾಜ್ಯ’ ಎಂದು ಕರೆದು ಇಂಗ್ಲಿಷಿನಲ್ಲಿ ಪುಸ್ತಕ ಬರೆದಿದ್ದ. ಅದರಲ್ಲಿ ಪೋರ್ಚುಗೀಸರಾದ ಪಾಯೆಸ್ ಮತ್ತು ನೂನಿಜರ ಬರಹಗಳ ಅನುವಾದವಿತ್ತು. ನಮ್ಮ ಇತಿಹಾಸ ನಮ್ಮ ಮನೆಗೆ ಎಷ್ಟು ಊರು ಸುತ್ತಿ ಬಂತು ನೋಡಿ.

ಹೀಗೆ ಬಂದದ್ದರಲ್ಲಿ ಬೆರಕೆಯೂ ಇತ್ತು. ರಾಮರಾಜ–ಮೆಹರ್ಜಾನರ ಪ್ರೇಮಪ್ರಸಂಗ ಕಾದಂಬರಿಯ ಕಲ್ಪನೆ. ಆದರೆ ಶಾಲೆಯಲ್ಲಿ ಬೇರೆ ಇತಿಹಾಸ ಓದದವರಿಗೆ 1565ರ ರಕ್ಕಸತಂಗಡಿ ಯುದ್ಧದ ಕಾರಣವೇ ಅದಾಗಿ ಕಂಡರೆ ಆಶ್ಚರ್ಯವೇನು? ಕಾದಂಬರಿ ಇತಿಹಾಸದ ಜಾಗದಲ್ಲಿ ಕೂತಾಗ ಆಗುವ ತೊಂದರೆ ಇದು. ಗಳಗನಾಥರ ಶ್ರಮ ದೊಡ್ಡದೆಂದು ಇದನ್ನು ಮುಚ್ಚಿಡಬೇಕಾಗಿಲ್ಲ.

ಗಂಟಿನ ಕೆಲಸವನ್ನು ಮುಂದೆ ಬೇರೆಯವರು ಬೇರೆ ರೀತಿಯಲ್ಲಿ ಮಾಡಿದರು. 1933ರಲ್ಲಿ ಧಾರವಾಡದಲ್ಲಿ ಜಿ.ಬಿ. ಜೋಶಿಯವರು ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ಮಾಡಿಕೊಂಡು ಅವರಿಗೆ ಪುಸ್ತಕ ತಲುಪಿಸಿತು. ತ.ರಾ.ಸು. ಅವರ ‘ದುರ್ಗಾಸ್ತಮಾನ’ಕ್ಕೆ 1985ರಲ್ಲಿ, ಲೇಖಕರು ತೀರಿಕೊಂಡ ಮರುವರ್ಷ, ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬರುವ ಹೊತ್ತಿಗೆ ಐತಿಹಾಸಿಕ ಕಾದಂಬರಿಗೆ ಓದುಗರನ್ನು ಹುಡುಕುವ ಪಾಡಿರಲಿಲ್ಲ. ಚಿತ್ರದುರ್ಗದ ಕೋಟೆ ನೋಡಲು ಹೋಗುವವರಲ್ಲಿ ಅನೇಕರು ಮದಕರಿನಾಯಕನನ್ನು ಮೊದಲು ಕಂಡದ್ದು ತ.ರಾ.ಸು. ಪುಟಗಳಲ್ಲೇ.